ಟೊರ್ಟುಗೆರೊ: ಆಮೆ ಹಿಡಿಯುವವರ ಊರಿನಲ್ಲಿ ಮೂರು ದಿನ

ಟೊರ್ಟುಗೆರೊ ಎಂಬ ಸ್ಪ್ಯಾನಿಷ್ ಪದಕ್ಕೆ ಆಮೆ ಹಿಡಿಯುವವ ಎಂದು ಅರ್ಥ. ಮಧ್ಯ ಅಮೆರಿಕದ ಕೋಸ್ಟಾರಿಕಾ ದೇಶದ ಈಶಾನ್ಯ ಮೂಲೆಯಲ್ಲಿ ಒಂದು ಬದಿಗೆ ಕೆರಿಬಿಯನ್ ಕಡಲು, ಇನ್ನೊಂದು ಬದಿಗೆ ಹಿನ್ನೀರು. ನಡುವಿನ ಇಕ್ಕಟ್ಟಾದ ಮರಳಪಟ್ಟಿಯ ಮೇಲೆ ಈ ಹೆಸರಿನ ಸಣ್ಣ ಊರಿದೆ. ರಸ್ತೆ ಇಲ್ಲಿಯವರೆಗೆ ಬರುವುದಿಲ್ಲ. ದೋಣಿಯಲ್ಲಿ ಬರಬೇಕು, ಇಲ್ಲವೇ ಪುಟ್ಟ ವಿಮಾನದಲ್ಲಿ. ಊರೊಳಗೆ ಕಾರುಗಳೇ ಇಲ್ಲ. ಇಲ್ಲಿಂದ ದಕ್ಷಿಣಕ್ಕೆ ಸುಮಾರು 35 ಕಿ.ಮೀ. ಚಾಚಿರುವ ಕಪ್ಪು ಮರಳಿನ ತೀರ ಇಡೀ ಅಮೆರಿಕ ಖಂಡಗಳಲ್ಲೇ ಹಸಿರು ಕಡಲಾಮೆಗಳು ಅತಿ ಹೆಚ್ಚಾಗಿ ಮೊಟ್ಟೆಯಿಡುವ ಜಾಗ.

ಆಮೆಗಳು ಬರುವುದು ಮುಖ್ಯವಾಗಿ ಜುಲೈನಿಂದ ಅಕ್ಟೋಬರ್‌ವರೆಗೆ. ಅಮೆರಿಕದ ಶಾಲೆಗಳಿಗೆ ಬೇಸಿಗೆ ರಜೆ ಬರುವುದೂ ಆ ಹೊತ್ತಿಗೇ ಆದ್ದರಿಂದ ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇದು ಹೊಂದುವ ಕಾಲ. ನಮ್ಮ ಮನೆಯಿಂದ ಹೊರಟವರು ಐವರು: ನಾವಿಬ್ಬರು, ಹನ್ನೆರಡು ವರ್ಷದ ಮಗಳು, ಎಂಟು ವರ್ಷದ ಮಗ, ಮತ್ತು ಹೊನ್ನಾವರದಿಂದ ಬಂದಿದ್ದ ಅತ್ತೆ.

ಪಯಣ ಆರಂಭವಾಗುವುದು ರಾಜಧಾನಿ ಸಾನ್ ಹೊಸೆಯಿಂದ. ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದ ಈ ಊರಿನ ಹವೆ ತಂಪು. ಅಲ್ಲಿಂದ 32ನೇ ಹೆದ್ದಾರಿ ಬ್ರೌಲಿಯೊ ಕರಿಯೊ ರಾಷ್ಟ್ರೀಯ ಉದ್ಯಾನದ ದಟ್ಟ ಕಾಡನ್ನು ಸೀಳಿಕೊಂಡು ಘಟ್ಟ ಇಳಿಯುತ್ತದೆ. ರಸ್ತೆ ಸಂಚಾರಕ್ಕೆ ತೆರೆದದ್ದು 1987ರಲ್ಲಿ. ಆದರೆ ಅದರ ಎರಡೂ ಬದಿಯ ಕಾಡನ್ನು 1978ರಲ್ಲೇ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ್ದರು. ರಸ್ತೆಯ ಬೆನ್ನಿಗೇ ಮರ ಕಡಿಯುವವರು ಬರುತ್ತಾರೆಂಬ ಅನುಭವದಿಂದ ಹುಟ್ಟಿದ ಮುಂದಾಲೋಚನೆ ಅದು. ಪಶ್ಚಿಮ ಘಟ್ಟದ ರಸ್ತೆಗಳನ್ನು ಬಲ್ಲವರಿಗೆ ಅದರ ಬೆಲೆ ತಟ್ಟನೆ ಅರ್ಥವಾದೀತು. ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುವುದು ಮಾತ್ರ ಅಲ್ಲಿಯೂ ತಪ್ಪಿದ್ದಲ್ಲ. ದಾರಿಯಲ್ಲಿ ಒಂದು ಸೇತುವೆಯ ಕೆಳಗೆ ಎರಡು ಬಣ್ಣದ ನೀರು ಕೂಡುತ್ತದೆ. ಇರಾಸು ಜ್ವಾಲಾಮುಖಿಯ ಖನಿಜಗಳನ್ನು ಹೊತ್ತು ತರುವ ಸೂಸಿಯೊ ನದಿ ಹಳದಿ, ಅದನ್ನು ಸೇರುವ ಹೊಂಡುರಾ ಎಂಬ ನದಿ ತಿಳಿ. ಸೂಸಿಯೊ ಎಂದರೆ ಕೊಳಕು ಎಂದರ್ಥ.

ಘಟ್ಟ ಇಳಿದರೆ ಗ್ವಾಪಿಲೆಸ್, ಆಮೇಲೆ ಕರಿಯಾರಿ. ಅಲ್ಲಿಂದ ಮುಂದೆ ಮೈಲಿಗಟ್ಟಲೆ ಬಾಳೆತೋಟ. ಪ್ರತಿ ಗೊನೆಗೂ ನೀಲಿ ಪ್ಲಾಸ್ಟಿಕ್ ಚೀಲ ತೊಡಿಸಿರುತ್ತಾರೆ. ಕಡಿದ ಗೊನೆಗಳು ತೋಟದೊಳಗೆ ಎಳೆದ ತಂತಿಗೆ ನೇತುಬಿದ್ದು, ಸಾಲಾಗಿ ಜಾರುತ್ತ ತೊಳೆಯುವ ಕೊಟ್ಟಿಗೆಗೆ ಬರುತ್ತವೆ. ಬಾಳೆ ಈ ನೆಲದ್ದಲ್ಲ, ಏಷ್ಯಾದ್ದು. ಈ ಕರಾವಳಿಯಲ್ಲಿ ಅದು ವ್ಯಾಪಾರದ ಬೆಳೆಯಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಮೈನರ್ ಕೀತ್ ಎಂಬ ಅಮೆರಿಕದ ಉದ್ಯಮಿ ಕಾಫಿ ಸಾಗಿಸಲೆಂದು ಬಂದರಿಗೆ ರೈಲುದಾರಿ ಹಾಕಿಸಿದಾಗ. ಆ ಕೆಲಸಕ್ಕೆ ಜಮೈಕಾದಿಂದ ಬಂದ ಕೂಲಿಕಾರರ ಸಂತತಿಯವರು ಇಂದಿಗೂ ಈ ಕರಾವಳಿಯಲ್ಲಿದ್ದಾರೆ. ಬದಲಿಗೆ ನಮ್ಮ ಅಂಗಳಕ್ಕೆ ಈ ಕಡೆಯಿಂದ ಬಂದದ್ದೂ ಬಹಳ. ಪಪ್ಪಾಯಿ, ಪೇರಲೆ, ಮೆಣಸಿನಕಾಯಿ ಅಮೆರಿಕ ಖಂಡದ ಉಷ್ಣವಲಯದವು; ಗದ್ದೆಯಂಚಿನ ಮುಟ್ಟಿದರೆ ಮುನಿಯೂ ಅಷ್ಟೇ. ಇಲ್ಲಿ ಬೇಲಿಗೂಟವಾಗಿ ನೆಟ್ಟು ಅಲ್ಲೇ ಚಿಗುರಿ ನಿಂತ ಗಿಡಗಳನ್ನು ನೋಡಿದ ಅತ್ತೆ ಇದು ತೋಟಕ್ಕೆ ಸೊಪ್ಪು ಕೊಡುವ ಗ್ಲಿರಿಸಿಡಿಯಾ ಎಂದು ವ್ಯಾನಿನೊಳಗಿಂದಲೇ ಗುರುತು ಹಿಡಿದರು. ಅದರ ತವರು ಮಧ್ಯ ಅಮೆರಿಕವೇ.

ರಸ್ತೆ ಲಾ ಪವೋನಾ ಎಂಬ ದೋಣಿಕಟ್ಟೆಯಲ್ಲಿ ಮುಗಿಯುತ್ತದೆ. ಅಲ್ಲಿಂದ ಉದ್ದನೆಯ, ಮಾಡು ಹೊದಿಸಿದ ದೋಣಿ ಸ್ವೆರ್ತೆ ನದಿಯಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಸಾಗುತ್ತದೆ. ನೀರು ಕಡಿಮೆಯಿದ್ದ ದಿನ ದೋಣಿ ಮರಳಿಗೆ ತಗುಲುತ್ತದೆ. ಆಗ ಅಂಬಿಗ ಉದ್ದ ಗಳು ಊರಿ ತಳ್ಳುತ್ತಾನೆ. ನಮ್ಮ ಗೈಡ್ ಕಾದಿದ್ದದ್ದು ಈ ಕಟ್ಟೆಯಲ್ಲಿ. ಕೋಸ್ಟಾರಿಕಾದಲ್ಲಿ ವೃತ್ತಿಪರ ಗೈಡ್‌ಗಳು ತರಬೇತಿ ಮುಗಿಸಿ ಪ್ರವಾಸೋದ್ಯಮ ಇಲಾಖೆಯಿಂದ ಪರವಾನಗಿ ಪಡೆದಿರುತ್ತಾರೆ. ಇವರ ಕೊರಳಲ್ಲೂ ಆ ಚೀಟಿ ತೂಗುತ್ತಿತ್ತು. ಆದರೆ ಚೀಟಿಗಿಂತ ಹಳೆಯದಾದ ಇನ್ನೊಂದು ಅರ್ಹತೆ ಅವರಿಗಿತ್ತು: ಅವರ ಅಜ್ಜ ಇದೇ ತೀರದಲ್ಲಿ ಆಮೆ ಹಿಡಿಯುತ್ತಿದ್ದವರು.

ಟೊರ್ಟುಗೆರೊದ ಇತಿಹಾಸವೆಲ್ಲ ಆ ಒಂದು ಮಾತಿನಲ್ಲಿದೆ. ನಿಕರಾಗುವದ ಮಿಸ್ಕಿಟೊ ತೀರದಿಂದ, ಸಾನ್ ಆಂಡ್ರೆಸ್ ದ್ವೀಪದಿಂದ ಬಂದು ನೆಲೆಸಿದವರು ಕಟ್ಟಿದ ಊರು ಇದು. ಹಸಿರು ಕಡಲಾಮೆಯ ಸೂಪಿಗೆ ಯುರೋಪು, ಅಮೆರಿಕಗಳ ಶ್ರೀಮಂತರ ಊಟದ ಮೇಜಿನಲ್ಲಿ ಬೇಡಿಕೆಯಿತ್ತು. ಆ ಸೂಪಿಗೆ ಹದ ಕೊಡುತ್ತಿದ್ದದ್ದು ಆಮೆಯ ಹೊಟ್ಟೆಚಿಪ್ಪಿಗೆ ಅಂಟಿದ ಮೃದ್ವಸ್ಥಿ. ಅದಷ್ಟನ್ನೇ ಕತ್ತರಿಸಿಕೊಂಡು ಉಳಿದ ದೇಹವನ್ನು ತೀರದಲ್ಲೇ ಬಿಟ್ಟು ಹೋಗುತ್ತಿದ್ದ ಕಾಲವೂ ಇತ್ತು. ಮೊಟ್ಟೆಯಿಡಲು ದಡಕ್ಕೆ ಬಂದ ತಾಯಿಯನ್ನು ಅಂಗಾತ ಮಗುಚಿದರೆ ಸಾಕು, ಅದು ಎತ್ತಲೂ ಹೋಗಲಾರದು.

ಅಮೆರಿಕದ ಪ್ರಾಣಿವಿಜ್ಞಾನಿ ಆರ್ಚಿ ಕಾರ್ ಇಲ್ಲಿಗೆ ಬಂದು ಕೆಲಸ ಆರಂಭಿಸಿದ್ದು 1950ರ ದಶಕದಲ್ಲಿ. ಹಿಡಿದ ಆಮೆಯ ಈಜುರೆಕ್ಕೆಗೆ ಲೋಹದ ಬಿಲ್ಲೆ ಕಟ್ಟಿ ಬಿಟ್ಟು, ಅದು ಮುಂದೆ ಎಲ್ಲಿ ಸಿಗುತ್ತದೆಂದು ಕಾಯುವುದು ಅವರ ವಿಧಾನ. ಸಿಕ್ಕ ಬಿಲ್ಲೆಗಳಲ್ಲಿ ಹೆಚ್ಚಿನವು ಬಂದದ್ದು ನಿಕರಾಗುವದ ಕಡಲಹುಲ್ಲಿನ ಬಯಲುಗಳಿಂದ. ಮೇಯುವುದು ಅಲ್ಲಿ, ಮೊಟ್ಟೆಯಿಡುವುದು ಇಲ್ಲಿ ಎಂಬುದು ಹೀಗೆ ಖಚಿತವಾಯಿತು. ಅವರ ಪುಸ್ತಕ ಓದಿ ಪ್ರೇರಿತರಾದವರಿಂದ 1959ರಲ್ಲಿ ಒಂದು ಸಂರಕ್ಷಣಾ ಸಂಸ್ಥೆ ಹುಟ್ಟಿತು. ಅದರ ಕೆಲಸ ಈಗಲೂ ಇದೇ ತೀರದಲ್ಲಿ ನಡೆಯುತ್ತಿದೆ. 1975ರಲ್ಲಿ ಟೊರ್ಟುಗೆರೊ ರಾಷ್ಟ್ರೀಯ ಉದ್ಯಾನ ಕಾಯ್ದೆಬದ್ಧವಾಯಿತು. ಬೇಟೆ ನಿಂತಾಗ ಊರಿನ ಹೊಟ್ಟೆಪಾಡು ಏನಾಗಬೇಕು? ಆ ಪ್ರಶ್ನೆಗೆ ನಿಧಾನವಾಗಿ ಸಿಕ್ಕ ಉತ್ತರ ಗೈಡ್ ಕೆಲಸ. ಜಾಡು ಓದುವುದು, ಅಲೆಯಲ್ಲಿ ಕಾಣುವ ಕಪ್ಪು ಬೆನ್ನು ಗುರುತಿಸುವುದು, ಕತ್ತಲಲ್ಲಿ ಮರಳಿನ ಮೇಲೆ ಸದ್ದಿಲ್ಲದೆ ನಡೆಯುವುದು, ಇವೆಲ್ಲ ಬೇಟೆಗಾರನ ವಿದ್ಯೆಗಳೇ. ಕಲಿತದ್ದು ಬದಲಾಗಲಿಲ್ಲ, ಬಳಸುವ ಕಾರಣ ಬದಲಾಯಿತು. ಈ ತಿರುವು ಎಲ್ಲ ಕಡೆ ಇಷ್ಟು ಸುಗಮವಾಗಿ ಆಗಿಲ್ಲ. ಟೊರ್ಟುಗೆರೊವನ್ನು ಮೆಚ್ಚಬೇಕಾದ್ದು ಕಾಡಿಗಾಗಿ ಎಷ್ಟೋ, ಈ ಕಾರಣಕ್ಕಾಗಿಯೂ ಅಷ್ಟೇ.

ಎರಡನೆಯ ದಿನ ಬೆಳಗಿನ ಆರಕ್ಕೆ ಕಾಲುವೆಯ ಪಯಣ. ಇಲ್ಲಿ ವರ್ಷಕ್ಕೆ 5,000ದಿಂದ 6,000 ಮಿ.ಮೀ. ಮಳೆ ಬೀಳುತ್ತದೆ, ಅಂದರೆ ಆಗುಂಬೆಗಿಂತ ಕಡಿಮೆ. ಆದರೆ ಆಗುಂಬೆಯಲ್ಲಿ ಬಿಡುವ ತಿಂಗಳುಗಳುಂಟು. ಇಲ್ಲಿ ವರ್ಷದ ಯಾವ ದಿನ ಬೇಕಾದರೂ ಸುರಿದೀತು. ಹುಟ್ಟು ಹಾಕುವ ತೆಳು ದೋಣಿಯಲ್ಲಿ ಆ ಮಳೆ ಹೊಯ್ಯತೊಡಗಿದಾಗ ನೀರು ಯಾವುದು, ಆಕಾಶ ಯಾವುದು ತಿಳಿಯದಂತಾಯಿತು. ಮಗ ನನ್ನ ತೋಳು ಬಿಡಲಿಲ್ಲ. ಗೈಡ್ ದೋಣಿಯನ್ನು ಒಂದು ತಾಳೆಯ ಗರಿಗಳಡಿ ಒತ್ತಿ ನಿಲ್ಲಿಸಿ, ಹತ್ತು ನಿಮಿಷ ಏನೂ ಮಾತಾಡದೆ ಕುಳಿತರು. ಮಳೆ ನಿಂತ ಕೂಡಲೇ ಕಾಡು ಮಾತಾಡುತ್ತದೆ, ಆಗ ಕೇಳಿ ಎಂದರು. ಹಾಗೆಯೇ ಆಯಿತು. ಮೊದಲು ಎದ್ದದ್ದು ಹೌಲರ್ ಕೋತಿಗಳ ಗರ್ಜನೆ, ಹುಲಿಯೆಂದು ಯಾರಾದರೂ ಬೆಚ್ಚುವಂಥದ್ದು. ಅವುಗಳ ಗಂಟಲಿನಲ್ಲಿ ಊದಿಕೊಂಡ ಟೊಳ್ಳು ಮೂಳೆಯೊಂದಿದ್ದು ಅದೇ ದನಿಯನ್ನು ದೊಡ್ಡದು ಮಾಡುತ್ತದೆ; ಮೂರು ಕಿಲೋಮೀಟರಿನಾಚೆಗೂ ಕೇಳುತ್ತದೆ. ಬಾಲದಲ್ಲಿ ಕೊಂಬೆ ಹಿಡಿದು ಅವು ನೇತಾಡಬಲ್ಲವು. ನಮ್ಮ ಮಂಗಗಳಿಗೆ, ಮುಸುವಗಳಿಗೆ ಆ ವಿದ್ಯೆ ಇಲ್ಲ.

ಮಳೆಕಾಡಿನಲ್ಲಿ ಪ್ರಾಣಿ ಹೇರಳ, ಕಾಣುವುದು ಅಪರೂಪ. ಎಲ್ಲವೂ ಮರೆಯಾಗಿರಲು ಕಲಿತವೇ. ನಮ್ಮ ಐದು ಜೊತೆ ಕಣ್ಣುಗಳಿಗೆ ಎಲೆಯಷ್ಟೇ ಕಂಡಲ್ಲಿ ಗೈಡ್ ಮೂರು ಬೆರಳಿನ ಸ್ಲಾತ್ ಅನ್ನು ತೋರಿಸಿದರು. ಸೆಕ್ರೋಪಿಯಾ ಮರದ ಕವಲಿನಲ್ಲಿ ಒಣಗಿದ ಜೇಡರ ಬಲೆಯಂತೆ ಮುದುಡಿತ್ತು. ಅದರ ಕೂದಲಲ್ಲಿ ಪಾಚಿ ಬೆಳೆಯುವುದರಿಂದ ಮೈಗೆ ಹಸಿರು ಛಾಯೆ. ಮಲ ವಿಸರ್ಜನೆಗೆಂದು ವಾರಕ್ಕೊಮ್ಮೆ ಮಾತ್ರ ನೆಲಕ್ಕಿಳಿಯುತ್ತದೆ. ಅದನ್ನು ಹೇಗೆ ಕಂಡಿರಿ ಎಂದು ಮಗಳು ಕೇಳಿದಾಗ ಅವರು ಹೇಳಿದ್ದು, ಸ್ಲಾತ್ ಹುಡುಕಬಾರದು, ಮರದ ಆಕಾರದಲ್ಲಿ ತಪ್ಪೇನಿದೆಯೆಂದು ಹುಡುಕಬೇಕು. ಆಮೇಲೆ ಮಕ್ಕಳು ತಾವೇ ಒಂದೆರಡು ತಪ್ಪುಗಳನ್ನು ಕಂಡುಹಿಡಿದರು. ಒಂದು ಕೊರಡು ಕೇಮನ್ ಎಂಬ ಪುಟ್ಟ ಮೊಸಳೆಯಾಯಿತು. ಇನ್ನೊಂದು ಕೊಂಬೆಯ ತುದಿ ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತಿದ್ದ ಅನ್‌ಹಿಂಗಾ ಆಯಿತು, ರಂಗನತಿಟ್ಟಿನ ಹಾವಕ್ಕಿಯ ಸೋದರಸಂಬಂಧಿ. ಹಸಿರು ಬ್ಯಾಸಿಲಿಸ್ಕ್ ಎಂಬ ಓತಿ ಹಿಂಗಾಲುಗಳ ಮೇಲೆ ನಿಂತು ನೀರಿನ ಮೇಲೆಯೇ ಓಡಿ ಆಚೆ ದಡ ಸೇರಿತು. ಅದರ ಪಾದ ನೀರನ್ನು ಬಡಿದು ಮಾಡುವ ಗಾಳಿಗುಳಿ ಮುಚ್ಚುವ ಮೊದಲೇ ಕಾಲನ್ನು ಹಿಂದೆ ಎಳೆದುಕೊಳ್ಳುತ್ತದೆ.

ಮಧ್ಯಾಹ್ನ ಕಾಲ್ದಾರಿ. ಇದಕ್ಕೆ ಗಮ್‌ಬೂಟು ಬೇಕು, ಊರಿನಲ್ಲಿ ಬಾಡಿಗೆಗೆ ಸಿಗುತ್ತದೆ. ಕೆಸರು ಒಂದು ಕಾರಣ. ಸ್ಥಳೀಯರು ತೆರ್ಸಿಯೊಪೆಲೊ, ಅಂದರೆ ಮಖಮಲ್ಲು, ಎಂದು ಕರೆಯುವ ವಿಷದ ಹಾವು ಇನ್ನೊಂದು. ಅದು ಕಾಣಲಿಲ್ಲ. ಕಂಡದ್ದು ಓರೊಪೆಲ್, ಬಾಳೆಹಣ್ಣಿನ ಹಳದಿಯ ಒಂದು ಗುಳಿಮಂಡಲದ ಹಾವು. ದಾರಿಯಿಂದ ಎರಡು ಮಾರು ದೂರದಲ್ಲಿ ಸುರುಳಿಯಾಗಿ ಮಲಗಿತ್ತು. ಗೈಡ್ ಕೋಲಿನಿಂದ ನೆಲದ ಮೇಲೆ ಗೆರೆಯೆಳೆದು ಅದನ್ನು ದಾಟಬಾರದೆಂದರು. ಅತ್ತೆ ಮೊಮ್ಮಗನ ಅಂಗಿ ಹಿಡಿದೇ ನಿಂತಿದ್ದರು.

ಈ ದಾರಿಯಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಉಗುರಿನಷ್ಟು ದೊಡ್ಡ ಕಪ್ಪೆ. ಮೈ ಕೆಂಪು, ಕಾಲು ನೀಲಿ, ಆದ್ದರಿಂದ ಅದಕ್ಕೆ ಬ್ಲೂ ಜೀನ್ಸ್ ಎಂದೇ ಹೆಸರು. ಮೈಯಲ್ಲಿ ವಿಷವಿದೆ, ಆ ವಿಷ ತಾನು ತಿನ್ನುವ ಇರುವೆ, ನುಸಿಗಳಿಂದ ಬಂದದ್ದು. ನೆಲದ ಎಲೆಗಳ ನಡುವೆ ಇಟ್ಟ ಮೊಟ್ಟೆ ಒಣಗದಂತೆ ಗಂಡು ಕಾಯುತ್ತದೆ. ಮರಿಗಳಾದ ಮೇಲೆ ತಾಯಿ ಒಂದೊಂದನ್ನೇ ಬೆನ್ನ ಮೇಲೆ ಹೊತ್ತು ಮರ ಹತ್ತಿ, ಎಲೆಯ ಕಂಕುಳಲ್ಲಿ ನಿಂತ ಅಂಗೈಯಗಲದ ನೀರಿನಲ್ಲಿ ಬಿಡುತ್ತದೆ. ಆ ನೀರಿನಲ್ಲಿ ತಿನ್ನಲು ಏನೂ ಇರುವುದಿಲ್ಲ. ಹಾಗಾಗಿ ಕೆಲವು ದಿನಗಳಿಗೊಮ್ಮೆ ಬಂದು, ಫಲಿಸದ ಮೊಟ್ಟೆಯೊಂದನ್ನಿಟ್ಟು ಮರಿಗೆ ಉಣಿಸಿ ಹೋಗುತ್ತದೆ. ಯಾವ ಎಲೆಯಲ್ಲಿ ಯಾವ ಮರಿಯಿದೆಯೆಂಬುದು ಅದರ ನೆನಪಿನಲ್ಲಿರುತ್ತದೆ.

ಊಟ ಈ ಕರಾವಳಿಯದೇ: ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ ಮತ್ತು ಹುರುಳಿಕಾಯಿ ಜಾತಿಯ ಕೆಂಪು ಕಾಳು. ಬದಿಗೆ ಹುರಿದ ದೀವಿಹಲಸು, ದಕ್ಷಿಣ ಕನ್ನಡದವರ ಜೀಗುಜ್ಜೆ. ಹೊನ್ನಾವರದ ಬಾಯಿಗೆ ಅದು ಹೊಸದೆನ್ನಿಸಲಿಲ್ಲ.

ಆಮೆಗಳ ದರ್ಶನ ರಾತ್ರಿ. ಇದರ ನಿಯಮಗಳು ಬಿಗಿ. ಪರವಾನಗಿಯ ಗೈಡ್ ಇಲ್ಲದೆ ರಾತ್ರಿ ತೀರಕ್ಕೆ ಹೋಗುವಂತಿಲ್ಲ. ಒಬ್ಬ ಗೈಡ್ ಜೊತೆ ಹತ್ತೇ ಮಂದಿ. ಗಾಢ ಬಣ್ಣದ ಬಟ್ಟೆ ತೊಡಬೇಕು. ಕ್ಯಾಮೆರಾ, ಮೊಬೈಲ್, ಟಾರ್ಚ್ ಕೂಡದು. ಗೈಡ್ ಕೈಯಲ್ಲಿ ಮಾತ್ರ ಮಂದ ಕೆಂಪು ದೀಪ. ಪ್ರವಾಸಿಗರು ತೀರದಲ್ಲಿ ಅಲೆಯುವುದಿಲ್ಲ, ಹಿಂದಿನ ಕಾಡಿನಂಚಿನಲ್ಲಿ ಕತ್ತಲಲ್ಲಿ ಕಾಯುತ್ತಾರೆ. ತೀರದಲ್ಲಿ ನಡೆಯುವವರು ಊರಿನದೇ ಜಾಡುಗಾರರು. ಆಮೆ ದಡಕ್ಕೆ ಬಂದು, ಜಾಗ ಆರಿಸಿ, ಗುಂಡಿ ತೋಡಿ ಮುಗಿಸುವವರೆಗೆ ಅಳುಕಿನಲ್ಲಿರುತ್ತದೆ. ಒಂದು ಬೆಳಕು ಕಂಡರೂ ತಿರುಗಿ ಕಡಲಿಗೆ ಹೋದೀತು. ಮೊಟ್ಟೆ ಬೀಳತೊಡಗಿದ ಮೇಲೆ ಮೈಮರೆಯುತ್ತದೆ. ಆ ಗಳಿಗೆ ಬಂದಾಗಲಷ್ಟೇ ಜಾಡುಗಾರ ಸುದ್ದಿ ಕಳಿಸುತ್ತಾನೆ. ನಾವು ಒಂದೂವರೆ ಗಂಟೆ ಕಾದೆವು. ಮಗ ಅತ್ತೆಯ ತೊಡೆಯ ಮೇಲೆ ನಿದ್ದೆಹೋಗಿದ್ದ.

ಕರೆ ಬಂದಾಗ ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಸಾಲಾಗಿ ನಡೆದೆವು. ಒಂದು ಮೀಟರ್ ಉದ್ದದ ಬೆನ್ನು. ತೂಕ ನೂರು ಕಿಲೋ ಮೀರಿದ್ದೀತು. ಹಿಂಗಾಲುಗಳನ್ನು ಬಟ್ಟಲಿನಂತೆ ಮಡಚಿ, ಒಮ್ಮೆ ಎಡ ಒಮ್ಮೆ ಬಲ ಮರಳು ಎತ್ತಿ ತೋಡಿದ ಹೂಜಿಯಾಕಾರದ ಗುಂಡಿ. ಅದರೊಳಗೆ ಕೆಂಪು ಬೆಳಕಿನಲ್ಲಿ ಪಿಂಗ್‌ಪಾಂಗ್ ಚೆಂಡಿನಂಥ ಮೊಟ್ಟೆಗಳು ಎರಡು ಮೂರಾಗಿ ಉದುರುತ್ತಿದ್ದವು. ಒಂದು ಗೂಡಿಗೆ ಸಾಮಾನ್ಯವಾಗಿ ನೂರಕ್ಕೂ ಮೀರಿ. ಕಣ್ಣಂಚಿನಲ್ಲಿ ನೀರು ಇಳಿಯುತ್ತಿತ್ತು. ಕುಡಿದ ಕಡಲನೀರಿನ ಉಪ್ಪನ್ನು ಹೊರಹಾಕುವ ಗ್ರಂಥಿಯ ಕೆಲಸ ಅದು. ಮೊಟ್ಟೆ ಒಡೆಯಲು ಸುಮಾರು ಎರಡು ತಿಂಗಳು ಬೇಕು. ಗೂಡಿನ ಮರಳು ಹೆಚ್ಚು ಬೆಚ್ಚಗಿದ್ದರೆ ಹೆಣ್ಣುಗಳು, ತಂಪಾಗಿದ್ದರೆ ಗಂಡುಗಳು ಹೆಚ್ಚು. ಭೂಮಿ ಬಿಸಿಯಾಗುತ್ತಿರುವಾಗ ಈ ತೀರವನ್ನು ಕಾಯುವವರ ದೊಡ್ಡ ಆತಂಕ ಇದೇ. ಬದುಕಿ ಬೆಳೆದ ಹೆಣ್ಣು ದಶಕಗಳ ಬಳಿಕ ಭೂಮಿಯ ಕಾಂತಕ್ಷೇತ್ರದ ಗುರುತು ಹಿಡಿದು ತಾನು ಹುಟ್ಟಿದ ಸೀಮೆಯ ತೀರಕ್ಕೇ ಮರಳುತ್ತದೆ.

ಅತ್ತೆ ಮೆಲ್ಲಗೆ, "ನಮ್ಮ ಕಾಸರಕೋಡಿನ ದಂಡೆಗೂ ಬತ್ತವು" ಎಂದರು. ಹೊನ್ನಾವರದ ಆ ದಂಡೆಯಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡುವುದುಂಟು. ಅಲ್ಲಿನ ಗೂಡುಗಳಿಗೂ ಬೇಲಿ ಕಟ್ಟಿ ಕಾಯುತ್ತಾರೆ. ಗೈಡ್‌ಗೆ ಅದನ್ನು ಹೇಳಿದಾಗ ಅಲ್ಲಿ ಯಾವ ತಿಂಗಳು, ಮರಳು ಯಾವ ಬಣ್ಣ, ನರಿ ಬರುತ್ತದೆಯೇ ಎಂದು ಪಿಸುದನಿಯಲ್ಲಿ ಒಂದೊಂದಾಗಿ ಕೇಳಿದರು. ಇಲ್ಲಿ ತಾಯಾಮೆಯನ್ನೇ ಹಿಡಿಯುವ ಜಾಗ್ವಾರ್‌ಗಳಿವೆ.

ಮೊಟ್ಟೆಯಿಟ್ಟು ಮುಗಿದ ಮೇಲೆ ಆಮೆ ಮುಂಗಾಲುಗಳಿಂದ ಮರಳನ್ನು ಹಿಂದಕ್ಕೆ ಎರಚಿ, ಗೂಡಿನ ಜಾಗ ಗೊತ್ತಾಗದಂತೆ ದೊಡ್ಡ ವಿಸ್ತಾರವನ್ನೇ ಕೆದಕಿಹಾಕಿತು. ಅದಕ್ಕೆ ಹಿಡಿದ ಹೊತ್ತು ಮೊಟ್ಟೆಯಿಡುವುದಕ್ಕಿಂತ ಹೆಚ್ಚು. ಆಮೇಲೆ ಕಡಲ ಕಡೆ ತಿರುಗಿ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತ ಹೋಯಿತು. ಮೂರನೆಯ ಅಲೆ ಅದನ್ನು ಎತ್ತಿಕೊಂಡಿತು.

ಮರುದಿನ ಬೆಳಕು ಹರಿಯುವಾಗ ತೀರದಲ್ಲಿ ಟ್ರ್ಯಾಕ್ಟರ್ ಓಡಿದಂಥ ಅಗಲವಾದ ಜಾಡುಗಳು ಸಾಲುಸಾಲಾಗಿದ್ದವು. ಸಂಶೋಧಕರ ತಂಡವೊಂದು ನೋಟ್‌ಬುಕ್ ಹಿಡಿದು ನಡೆಯುತ್ತಿತ್ತು. ಒಂದೊಂದು ಜಾಡನ್ನೂ ಬರೆದುಕೊಂಡು, ಎರಡನೆಯ ಸಲ ಎಣಿಕೆಗೆ ಬಾರದಂತೆ ಅದರ ಮೇಲೆ ಅಡ್ಡಗೆರೆ ಎಳೆಯುತ್ತಿದ್ದರು. ಲಾ ಪವೋನಾಕ್ಕೆ ಹೋಗುವ ದೋಣಿ ಹೊರಡುವ ಮೊದಲು ಗೈಡ್ ಆ ತಂಡದವರನ್ನು ಕೇಳಿ, ನಮ್ಮ ಆಮೆಯ ಜಾಡಿನ ಮೇಲೆ ಗೆರೆಯೆಳೆಯುವ ಕೋಲನ್ನು ಮಗಳ ಕೈಗೆ ಕೊಡಿಸಿದರು.