ನೂರಕ್ಕೆ ನೂರರವತ್ತು

ಕಾಶಿಗೆ ಹೋದವರು ಪಶುಪತಿನಾಥನನ್ನೂ ಕಂಡು ಬರಬೇಕೆಂಬ ಹಂಬಲ ನಮ್ಮ ಮನೆಗಳ ಹಿರಿಯರಲ್ಲಿ ಸಹಜವಾಗಿಯೇ ಇರುತ್ತದೆ. 2019ರ ಶಿವರಾತ್ರಿಗೆ ಮುನ್ನ ರಾಜಾಜಿನಗರ, ಬಸವೇಶ್ವರನಗರಗಳ ಹದಿನಾಲ್ಕು ಮಂದಿ ಇಂತಹ ಯಾತ್ರೆಗೆ ಹೊರಟೆವು. ಕಾಶಿಯ ಜಂಗಮವಾಡಿ ಮಠದಲ್ಲಿ ತಂಗಿದ್ದು, ಗೋರಖಪುರದ ಮಾರ್ಗವಾಗಿ ಸೋನೌಲಿಯ ಗಡಿಯನ್ನು ಸೇರಿದೆವು. ಕ್ಷೇತ್ರದರ್ಶನದ ವಿಚಾರವನ್ನು ಬರೆದವರು ಅನೇಕರಿದ್ದಾರೆ. ಗಡಿಯಾಚೆಯ ಅಂಗಡಿಗಳಲ್ಲಿ ನಮ್ಮ ಹಣ ಕೊಟ್ಟು ವ್ಯವಹರಿಸಿದ ಅನುಭವವನ್ನಷ್ಟೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಗಡಿಯ ಕಮಾನನ್ನು ನಡೆದು ದಾಟಿದರೆ ನೇಪಾಳದ ಬೇಲಹಿಯಾ. ಅಲ್ಲಿನ ವ್ಯಾಪಾರಿಗಳು ನಮ್ಮ ರೂಪಾಯಿಯನ್ನು ‘ಐ.ಸಿ.’ ಎಂದೂ ತಮ್ಮದನ್ನು ‘ಎನ್.ಸಿ.’ ಎಂದೂ ಕರೆಯುತ್ತಾರೆ. ಎರಡನ್ನೂ ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಇಡುತ್ತಾರೆ. ಡಾಲರಿನಂತೆ ಇಲ್ಲಿ ದರ ದಿನದಿನಕ್ಕೆ ಏರಿಳಿಯುವುದಿಲ್ಲ. 1993ರಿಂದ ನಮ್ಮ ನೂರು ರೂಪಾಯಿಗೆ ನೇಪಾಳದ ನೂರರವತ್ತು ಎಂಬ ದರ ಸ್ಥಿರವಾಗಿ ನಿಂತಿದೆ. ಅವರ ಅಂಗಡಿಗೆ ಬೇಕಾದ ಸರಕು ಬಹುಮಟ್ಟಿಗೆ ಭಾರತದಿಂದಲೇ ಹೋಗುವುದರಿಂದ ನಮ್ಮ ನೋಟು ಅವರಿಗೂ ಬೇಕಾದದ್ದೇ.

ಆದರೆ ಆ ನಂಬಿಕೆಗೂ ಪೆಟ್ಟು ಬಿದ್ದಿತ್ತು. 2016ರ ನವೆಂಬರ್ 8ರಂದು ನಮ್ಮ ಸರ್ಕಾರ 500 ಮತ್ತು 1000ದ ನೋಟುಗಳನ್ನು ರದ್ದುಪಡಿಸಿದಾಗ, ನೇಪಾಳದ ಮನೆಗಳಲ್ಲಿ ಕೂಡಿಟ್ಟಿದ್ದ ಅಂತಹ ನೋಟುಗಳು ಬದಲಾಗದೆ ಉಳಿದವು. 2018ರ ಡಿಸೆಂಬರ್‌ನಲ್ಲಿ ಆ ದೇಶವು ನೂರಕ್ಕಿಂತ ಹೆಚ್ಚಿನ ಮುಖಬೆಲೆಯ ನಮ್ಮ ನೋಟುಗಳನ್ನು ನಿಷೇಧಿಸಿತು. ಆದ್ದರಿಂದ ನಾವೆಲ್ಲ ಬೆಂಗಳೂರಿನಲ್ಲಿಯೇ ನೂರರ ನೋಟುಗಳ ಕಟ್ಟುಗಳನ್ನು ಸಿದ್ಧಮಾಡಿಕೊಂಡಿದ್ದೆವು.

ಬೇಲಹಿಯಾದ ಒಂದು ಚಹಾದಂಗಡಿಯಲ್ಲಿ ನಮ್ಮ ತಂಡದ ಅತ್ಯಂತ ಹಿರಿಯ ತಾಯಿಯೊಬ್ಬರು ನಾಲ್ವರ ಚಹಾದ ಹಣವನ್ನು ತಾವೇ ಕೊಡುವೆನೆಂದು ಮುಂದಾದರು. ಎಂಬತ್ತು ರೂಪಾಯಿಯಾಗಿತ್ತು. ನೂರರ ನೋಟು ಕೊಟ್ಟರು. ಅಂಗಡಿಯಾಕೆ ಎಂಬತ್ತು ನೇಪಾಳಿ ರೂಪಾಯಿಗಳನ್ನು ಮರಳಿ ಕೊಟ್ಟಳು. ಎಣಿಸಿ ನೋಡಿದ ತಾಯಿ ಗಾಬರಿಗೊಂಡರು.

“ಪಾಪ, ಲೆಕ್ಕ ತಪ್ಪಿದ್ದಾಳೆ ಕಣಪ್ಪ. ಇಪ್ಪತ್ತು ಬರಬೇಕಾದ ಕಡೆ ಎಂಬತ್ತು ಕೊಟ್ಟಿದ್ದಾಳೆ. ಬಡವರ ದುಡ್ಡು ನಮಗ್ಯಾಕೆ? ಅರವತ್ತು ವಾಪಸು ಕೊಡು” ಎಂದು ನನ್ನನ್ನು ಅವಸರಪಡಿಸಿದರು.

ನನ್ನ ಹರಕು ಹಿಂದಿಯಲ್ಲಿ ವಿಷಯ ತಿಳಿಸಿದೆ. ಆಕೆ ನಕ್ಕು, ನಮ್ಮ ನೋಟನ್ನು ಹಲಗೆಯ ಮೇಲಿಟ್ಟು, ಅದರ ಪಕ್ಕದಲ್ಲಿ ತನ್ನ ದೇಶದ ನೂರರ, ಐವತ್ತರ, ಹತ್ತರ ಒಂದೊಂದು ನೋಟನ್ನು ಜೋಡಿಸಿದಳು. “ಆಮಾ, ಇದಕ್ಕೆ ಇಷ್ಟು ಸಮ. ಇದರಲ್ಲಿ ಎಂಬತ್ತು ಚಹಾದ್ದು, ಎಂಬತ್ತು ನಿಮ್ಮದು” ಎಂದಳು. ಆಮಾ ಎಂದರೆ ಅಮ್ಮ. ಆ ಒಂದು ಮಾತು ಅನುವಾದವಿಲ್ಲದೆಯೇ ತಾಯಿಗೆ ಅರ್ಥವಾಯಿತು.

ಅಲ್ಲಿಂದ ಹತ್ತು ಹೆಜ್ಜೆಯಾಚೆ ಮತ್ತೊಂದು ಅನುಭವ ಕಾದಿತ್ತು. ಅದೇ ತಾಯಿ ಮೊಮ್ಮಗಳಿಗೆಂದು ‘ಪೋತೆ’ ಎಂಬ ಗಾಜಿನ ಮಣಿಸರವನ್ನು ಕೊಂಡರು. ಬೆಲೆ ನೂರರವತ್ತು. ಎರಡು ನೂರರ ನೋಟುಗಳನ್ನು ಕೊಟ್ಟರೆ, ವ್ಯಾಪಾರಿ ನಲವತ್ತು ನೇಪಾಳಿ ರೂಪಾಯಿ ಕೊಟ್ಟು ಸುಮ್ಮನಾದ. ತಂಡದ ಯುವಕನೊಬ್ಬ, “ಬೆಲೆ ಐ.ಸಿ.ಯೋ, ಎನ್.ಸಿ.ಯೋ?” ಎಂದು ಕೇಳಿದ. ವ್ಯಾಪಾರಿ ಮಾತನಾಡದೆ ನಲವತ್ತನ್ನು ಹಿಂದೆ ಪಡೆದು, ನಮ್ಮ ಒಂದು ನೂರನ್ನು ಮರಳಿಸಿದ.

ಇಬ್ಬರೂ ನೆರೆಹೊರೆಯ ಅಂಗಡಿಯವರೇ. ಇಬ್ಬರಿಗೂ ದರ ಗೊತ್ತಿತ್ತು. ನಮ್ಮ ತಾಯಿಗೆ ಮಾತ್ರ ಗೊತ್ತಿರಲಿಲ್ಲ. ಪರದೇಶದ ಹಣದ ಮುಂದೆ ಅಕ್ಷರಸ್ಥರೂ ಕ್ಷಣಕಾಲ ನಿರಕ್ಷರಿಗಳೇ. ಆಗ ಕೊಳ್ಳುವವನ ಗಂಟು ಮಾರುವವನ ಮನಸ್ಸಾಕ್ಷಿಯ ವಶದಲ್ಲಿರುತ್ತದೆ. ಹೆಚ್ಚಾಗಿ ತಂದ ಅಕ್ಕಿಯನ್ನು ಇದ್ದಲ್ಲಿಗೇ ಹಿಂದಿರುಗಿಸಿ ಬಾರೆಂದು ಪತಿಯನ್ನು ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ನಾವೆಲ್ಲ ಬಲ್ಲೆವು. ಅರವತ್ತು ರೂಪಾಯಿ ಹಿಂದಿರುಗಿಸಲು ತವಕಪಟ್ಟ ಆ ತಾಯಿಯ ಗಣಿತ ತಪ್ಪಾಗಿತ್ತು; ನಡೆ ತಪ್ಪಾಗಿರಲಿಲ್ಲ.

ಮುಂದೆ ಹೋಗುವವರಿಗೆ ಒಂದೆರಡು ಸೂಚನೆಗಳು. ಬೆಲೆ ಕೇಳಿದೊಡನೆ ಐ.ಸಿ.ಯೋ ಎನ್.ಸಿ.ಯೋ ಎಂದು ಕೇಳಿರಿ. ನೋಟುಗಳ ನಿಯಮ ಬದಲಾಗುತ್ತಿರುವುದರಿಂದ ಹೊರಡುವ ಮುನ್ನ ಬ್ಯಾಂಕಿನಲ್ಲಿ ವಿಚಾರಿಸಿರಿ. ಉಳಿದ ನೇಪಾಳಿ ಹಣವನ್ನು ಗಡಿಯಲ್ಲಿಯೇ ಬದಲಾಯಿಸಿಕೊಳ್ಳಿರಿ. ಬೆಂಗಳೂರಿನ ಅಂಗಡಿಯಲ್ಲಿ ಅದು ನಡೆಯದು. 2024ರಿಂದ ಅಲ್ಲಿನ ಅನೇಕ ಅಂಗಡಿಗಳಲ್ಲಿ ನಮ್ಮ ಯುಪಿಐ ಮೂಲಕವೂ ಹಣ ಕೊಡಬಹುದಾಗಿದೆ.

ಇನ್ನು ನಮ್ಮೂರಿನ ಮಾತು. ನಮ್ಮ ಬೀದಿಗಳಲ್ಲಿ ರಾತ್ರಿ ಕಾವಲು ಕಾಯುವ, ಹೋಟೆಲುಗಳಲ್ಲಿ ದುಡಿಯುವ ನೇಪಾಳಿಗಳು ಎಷ್ಟೋ ಮಂದಿ. ಇಲ್ಲಿ ಉಳಿಸಿದ ಸಾವಿರ ರೂಪಾಯಿ ಊರಿನಲ್ಲಿ ಸಾವಿರದ ಆರುನೂರಾಗುವುದೆಂದು ಲೆಕ್ಕಹಾಕುತ್ತಲೇ ಅವರು ಒಂದೊಂದು ಹೊತ್ತಿನ ಊಟವನ್ನೂ ಅಳೆದು ಉಣ್ಣುತ್ತಾರೆ. ನಮ್ಮ ಭಾಷೆ ತಿಳಿಯದೆ, ಕೈಯಲ್ಲಿ ನೋಟು ಹಿಡಿದು, ವಿಜಯನಗರದ ಅಂಗಡಿಯ ಮುಂದೆ ಅಂತಹವರೊಬ್ಬರು ನಿಂತಾಗ, ಚಿಲ್ಲರೆಯನ್ನು ಅವರ ಕಣ್ಣೆದುರು ಎಣಿಸಿ ಕೊಡುವುದು ದೊಡ್ಡ ಉಪಕಾರವೇನೂ ಅಲ್ಲ. ಅದು ಆ ಚಹಾದಂಗಡಿಯಾಕೆಗೆ ನಾವು ಸಲ್ಲಿಸಬೇಕಾದ ಬಾಕಿ.