ಗೈಡ್ ಮುಂದೆ ಪ್ರಶ್ನೆ ಕೇಳುವ ಅದಬ್

ಹಿರಿಯರ ಮುಂದೆ ಎದುರಾಡಬಾರದೆಂದು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಚಿಕ್ಕಂದಿನಲ್ಲೇ ಕಲಿಸುತ್ತಾರೆ. ಒಳ್ಳೆಯ ಪಾಠವೇ. ಆದರೆ ಪಿಎಚ್.ಡಿ.ಗೆ ಸೇರಿದ ಹುಡುಗಿ ಗೈಡ್ ಕೋಣೆಯಲ್ಲೂ ಕೇಳಬೇಕಾದ್ದನ್ನು ಕೇಳದೆ, ಬರೀ ತಲೆಯಾಡಿಸಿ ಬಂದರೆ ವರ್ಷಗಳೇ ಕಳೆದುಹೋಗುತ್ತವೆ. ನನ್ನ ಜೊತೆ ನೋಂದಾಯಿಸಿದ್ದ ಗೆಳತಿಯೊಬ್ಬಳು ನಾಲ್ಕನೆಯ ವರ್ಷದಲ್ಲಿ ಸಂಶೋಧನೆ ಕೈಬಿಟ್ಟಳು. ಅವಳು ನನಗಿಂತ ಬುದ್ಧಿವಂತೆ. “ಸರ್, ನನ್ನ ಅಧ್ಯಾಯ ಓದಿದಿರಾ?” ಎಂದು ಕೇಳುವ ಧೈರ್ಯ ಮಾತ್ರ ಅವಳಿಗೆ ಬರಲಿಲ್ಲ.

ನನ್ನ ವಿಷಯ ಬ್ಯಾರಿ ಮದುವೆ ಹಾಡುಗಳು. ಗೈಡ್ ಮುಂಗೋಪಿ, ಆದರೆ ಪ್ರಾಮಾಣಿಕರು. ಮೊದಲ ದಿನವೇ, “ಮದುವೆಯಾದ ಮೇಲೆ ನೀವೆಲ್ಲ ಬಿಟ್ಟುಬಿಡ್ತೀರಿ, ನನ್ನ ಒಂದು ಸೀಟು ಹಾಳು” ಎಂದರು. ಮಾತು ನೋಯಿಸಿತು. ಆದರೆ ಅವರ ಕಷ್ಟವೂ ನಿಜ. ಯುಜಿಸಿ ನಿಯಮದಂತೆ ಪ್ರೊಫೆಸರ್ ಒಬ್ಬರು ಒಮ್ಮೆಗೆ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಮಂದಿಗಷ್ಟೇ ಮಾರ್ಗದರ್ಶನ ನೀಡಬಹುದು. “ಸರ್, ಪ್ರತಿ ತಿಂಗಳು ಬರೆದದ್ದನ್ನು ತಂದು ತೋರಿಸುತ್ತೇನೆ. ತರದ ತಿಂಗಳು ಬೈಯಿರಿ” ಎಂದೆ. ಅವರು ನಕ್ಕುಬಿಟ್ಟರು.

ಅಂದಿನಿಂದ ಬರಿಗೈಯಲ್ಲಿ ಹೋಗಲಿಲ್ಲ. ಐದು ಪುಟವಾದರೂ ಸರಿ, ನಾಲ್ಕು ದಿನ ಮುಂಚೆಯೇ ತಲುಪಿಸುತ್ತಿದ್ದೆ. ಜೊತೆಗೆ ಎರಡು ಪ್ರಶ್ನೆ ಬರೆದಿಡುತ್ತಿದ್ದೆ. “ಹೇಗಿದೆ ಸರ್?” ಎಂದರೆ “ಪರವಾಗಿಲ್ಲ” ಎಂಬಲ್ಲಿಗೆ ಮಾತು ಮುಗಿಯುತ್ತದೆ. “ಈ ಅಧ್ಯಾಯಕ್ಕೆ ಹತ್ತು ಮಂದಿಯ ಸಂದರ್ಶನ ಸಾಕೇ?” ಎಂದರೆ ಅವರು ಕನ್ನಡಕ ಹಾಕಿಕೊಂಡು ಓದುತ್ತಾರೆ. ಮನೆಗೆ ಬಂದ ಮೇಲೆ ಅವರು ಹೇಳಿದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ಕಳುಹಿಸುತ್ತಿದ್ದೆ. ಮರೆವಿಗೂ ತಕರಾರಿಗೂ ಅಲ್ಲಿ ಜಾಗವಿರಲಿಲ್ಲ.

ಒಮ್ಮೆ ಅವರು, ಹಾಡುವ ಅಜ್ಜಿಯಂದಿರ ಬದುಕಿನ ಕುರಿತಾದ ಅಧ್ಯಾಯವೇ ಬೇಡ ಎಂದರು. ನಾನು ವಾದಿಸಲಿಲ್ಲ. ಹದಿನೈದು ದಿನ ಬಿಟ್ಟು, ಇಬ್ಬರು ಅಜ್ಜಿಯಂದಿರ ಮಾತುಗಳನ್ನು ಬರೆದುಕೊಂಡು ಹೋಗಿ, “ಇದನ್ನೊಮ್ಮೆ ಓದಿ ಸರ್, ಆಮೇಲೆ ನೀವು ಹೇಳಿದಂತೆ” ಎಂದೆ. ಅಧ್ಯಾಯ ಚಿಕ್ಕದಾಯಿತು, ಆದರೆ ಉಳಿಯಿತು.

ಇದು ನಮ್ಮ ಪರಂಪರೆಗೆ ಹೊಸತಲ್ಲ. ಇಮಾಮ್ ಶಾಫಿಈ(ರ) ಮದೀನಾದಲ್ಲಿ ಇಮಾಮ್ ಮಾಲಿಕ್(ರ)ರ ಶಿಷ್ಯರಾಗಿದ್ದರು. ಮುಂದೆ ಅನೇಕ ವಿಷಯಗಳಲ್ಲಿ ಗುರುವಿಗಿಂತ ಬೇರೆ ನಿಲುವು ತಳೆದರು, ಗುರುವಿನ ಮೇಲಿನ ಗೌರವವನ್ನು ಮಾತ್ರ ಬಿಡಲಿಲ್ಲ. ಧರ್ಮದ ತಿಳುವಳಿಕೆ ಪಡೆಯಲು ಅನ್ಸಾರಿ ಮಹಿಳೆಯರಿಗೆ ನಾಚಿಕೆ ಅಡ್ಡಿಯಾಗಲಿಲ್ಲವೆಂದು ಹಝ್ರತ್ ಆಯಿಶಾ(ರ) ಅವರನ್ನು ಹೊಗಳಿದ್ದಾರೆ.

ಸಂಶೋಧನೆಗಿಳಿಯುವ ಸಹೋದರಿಯರು ತಮ್ಮ ಹಕ್ಕುಗಳನ್ನೂ ತಿಳಿದಿರಬೇಕು. ಯುಜಿಸಿಯ 2022ರ ನಿಯಮಾವಳಿಯಂತೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರತಿ ಸೆಮಿಸ್ಟರ್‌ಗೊಮ್ಮೆ ಪ್ರಗತಿ ತೋರಿಸಬೇಕು. ಗೈಡ್ ಮಾತ್ರವಲ್ಲ, ಆ ಸಮಿತಿಯೂ ನಿಮ್ಮ ಮಾತು ಕೇಳಲು ಇದೆ. ಮಹಿಳೆಯರಿಗೆ ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆ ಸಿಗುತ್ತದೆ. ಅವಧಿಯಲ್ಲೂ ಹೆಚ್ಚುವರಿ 2 ವರ್ಷಗಳ ರಿಯಾಯಿತಿ ಕೊಡಲು ಅವಕಾಶವಿದೆ. ಮದುವೆಯಾಗಿ ಬೇರೆ ಊರಿಗೆ ಹೋದರೆ ನಿಯಮಗಳಿಗೆ ಒಳಪಟ್ಟು ಸಂಶೋಧನೆಯನ್ನು ಅಲ್ಲಿನ ವಿಶ್ವವಿದ್ಯಾನಿಲಯಕ್ಕೆ ವರ್ಗಾಯಿಸಿಕೊಳ್ಳಬಹುದು. ಹೊಟ್ಟೆಯಲ್ಲಿ ಮಗುವಿದೆಯೆಂದು ಗೈಡ್‌ಗೆ ಹೇಳಲು ಸಂಕೋಚಪಟ್ಟು ಮಾಯವಾಗುವ ಬದಲು, ಸಮಯಕ್ಕೆ ಸರಿಯಾಗಿ ಅರ್ಜಿ ಬರೆದುಕೊಡಿ.

ತಾಯಂದಿರಲ್ಲಿ, ಅತ್ತೆಯಂದಿರಲ್ಲಿ ಒಂದು ವಿನಂತಿ. ಮಗಳೋ ಸೊಸೆಯೋ ಗೈಡ್ ಭೇಟಿಗೆ ಹೊರಟ ದಿನ ಮಗುವನ್ನು ನೀವು ನೋಡಿಕೊಳ್ಳಿ. ಸಂಜೆ ಬಂದಾಗ, “ಇವತ್ತು ಏನು ಕೇಳಿದೆ ಮಗಳೇ?” ಎಂದು ವಿಚಾರಿಸಿ. ಮನೆಯಲ್ಲಿ ಮಾತನಾಡಿ ಅಭ್ಯಾಸವಿದ್ದವಳಿಗೆ ಅಲ್ಲಿಯೂ ಬಾಯಿ ಬರುತ್ತದೆ.