ಗ್ರಹ ಸಿಕ್ಕಿದ ಹಿತ್ತಲು

ಇಂಗ್ಲೆಂಡಿನ ಬಾತ್ ಪಟ್ಟಣಕ್ಕೆ ಹೋದವರೆಲ್ಲ ತಪ್ಪದೆ ನೋಡುವುದು ರೋಮನ್ನರ ಕಾಲದ ಸ್ನಾನಗೃಹವನ್ನು. ಅಲ್ಲಿ ನೆಲದೊಳಗಿಂದ ಸುಮಾರು 46 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಇಂದಿಗೂ ಉಕ್ಕುತ್ತದೆ. ಊರಿನ ಹೆಸರು ಬಂದದ್ದೇ ಅದರಿಂದ. ಆ ಗದ್ದಲ ಬಿಟ್ಟು ಪಶ್ಚಿಮಕ್ಕೆ ಸ್ವಲ್ಪ ದೂರ ನಡೆದರೆ ನ್ಯೂ ಕಿಂಗ್ ಸ್ಟ್ರೀಟ್ ಸಿಗುತ್ತದೆ. ಜೇನುಬಣ್ಣದ ಕಲ್ಲಿನ ಮನೆಗಳು ಗೋಡೆಗೆ ಗೋಡೆ ಹಚ್ಚಿಕೊಂಡು ಸಾಲಾಗಿ ನಿಂತ ಬೀದಿ. 19ನೇ ನಂಬರಿನ ಮನೆಗೂ ಅಕ್ಕಪಕ್ಕದವಕ್ಕೂ ಹೊರನೋಟಕ್ಕೆ ಹೆಚ್ಚು ವ್ಯತ್ಯಾಸವಿಲ್ಲ. ಯುರೇನಸ್ ಗ್ರಹ ಪತ್ತೆಯಾದದ್ದು ಈ ಮನೆಯ ಪುಟ್ಟ ಹಿತ್ತಲಿನಿಂದ.

ಮನೆಯ ಯಜಮಾನ ವಿಲಿಯಂ ಹರ್ಷೆಲ್ ಆಗ ವೃತ್ತಿಯಿಂದ ಖಗೋಳ ವಿಜ್ಞಾನಿಯಲ್ಲ, ಸಂಗೀತದ ಮೇಷ್ಟ್ರು. ಜರ್ಮನಿಯ ಹ್ಯಾನೋವರಿನಲ್ಲಿ ಸೈನ್ಯದ ವಾದ್ಯಗಾರನೊಬ್ಬನ ಮಗ. ಬಾತ್‌ನ ಪ್ರಾರ್ಥನಾ ಮಂದಿರವೊಂದರಲ್ಲಿ ಆರ್ಗನ್ ನುಡಿಸುವುದು, ಕಚೇರಿ ನಡೆಸುವುದು, ಶಿಷ್ಯರಿಗೆ ಪಾಠ ಹೇಳುವುದು ಆತನ ಜೀವನೋಪಾಯ. 1772ರಲ್ಲಿ ತಂಗಿ ಕ್ಯಾರೊಲಿನ್‌ಳನ್ನು ಕರೆತಂದ. ಆಕೆಗೆ ಹತ್ತನೆಯ ವಯಸ್ಸಿನಲ್ಲಿ ಟೈಫಸ್ ಜ್ವರ ಬಂದು ಬೆಳವಣಿಗೆ ನಾಲ್ಕೂಕಾಲು ಅಡಿಗೇ ನಿಂತುಹೋಗಿತ್ತು. ಮಗಳಿಗೆ ಓದು ಬೇಡ, ಮನೆಗೆಲಸ ಸಾಕು ಎಂಬುದು ತಾಯಿಯ ಹಟ. ಆಕೆಯನ್ನು ಬಿಡಿಸಿಕೊಂಡು ಬರಲು, ಬದಲಿಗೆ ಕೆಲಸದವಳನ್ನು ಇಟ್ಟುಕೊಳ್ಳುವ ಖರ್ಚನ್ನು ಅಣ್ಣ ತಾಯಿಗೆ ಕಟ್ಟಿಕೊಡಬೇಕಾಯಿತು!

ಬಾತ್‌ನಲ್ಲಿ ಮನೆಯೇ ಆಕೆಗೆ ಶಾಲೆ. ಬೆಳಗಿನ ಉಪಾಹಾರದ ಹೊತ್ತಿಗೆ ಇಂಗ್ಲಿಷು ಮತ್ತು ಲೆಕ್ಕ, ದಿನಕ್ಕೆ ಎರಡು ಮೂರು ಬಾರಿ ಹಾಡಿನ ಪಾಠ. ಮಗ್ಗಿ ಮಾತ್ರ ಆಕೆಗೆ ಕೊನೆಯವರೆಗೂ ಬಾಯಿಪಾಠವಾಗಲಿಲ್ಲವಂತೆ; ಬರೆದಿಟ್ಟುಕೊಂಡೇ ಲೆಕ್ಕ ಮಾಡುತ್ತಿದ್ದಳು. ಮಗ್ಗಿ ಬಾರದ ಮಕ್ಕಳನ್ನು ದಡ್ಡರ ಸಾಲಿಗೆ ಸೇರಿಸುವ ಮೇಷ್ಟ್ರುಗಳು ಇದನ್ನು ಗಮನಿಸಬೇಕು. 1770ರ ದಶಕ ಮುಗಿಯುವಷ್ಟರಲ್ಲಿ ಆಕೆ ಹ್ಯಾಂಡೆಲ್‌ನ ಕೃತಿಗಳ ಮುಖ್ಯ ಗಾಯಕಿಯಾಗಿ ವೇದಿಕೆ ಏರಿದ್ದಳು. ಬೇರೆ ಊರಿನಿಂದ ಕರೆ ಬಂದಾಗ, ಅಣ್ಣನ ನಿರ್ದೇಶನವಿಲ್ಲದೆ ಹಾಡುವುದಿಲ್ಲವೆಂದು ನಿರಾಕರಿಸಿದಳು.

ಅಷ್ಟರಲ್ಲಿ ಅಣ್ಣನಿಗೆ ಇನ್ನೊಂದು ಹುಚ್ಚು ಹಿಡಿದಿತ್ತು. 1773ರಲ್ಲಿ ಖಗೋಳದ ಪುಸ್ತಕವೊಂದನ್ನು ಕೊಂಡು ಓದಿದವನಿಗೆ ಆಕಾಶವನ್ನು ಸ್ವತಃ ನೋಡಬೇಕೆನಿಸಿತು. ದೊಡ್ಡ ದೂರದರ್ಶಕ ಕೊಳ್ಳುವುದು ದುಬಾರಿ, ಹಾಗಾಗಿ ಮನೆಯಲ್ಲೇ ತಯಾರಿ ಶುರು. ಸುಸಜ್ಜಿತ ಹಜಾರದಲ್ಲಿ ಬಡಗಿ ಬಂದು ಕೊಳವೆ ಕೊರೆಯತೊಡಗಿದ. ಯಂತ್ರಗಳ ಕೈಚಳಕವಿದ್ದ ತಮ್ಮ ಅಲೆಕ್ಸಾಂಡರ್ ಮಲಗುವ ಕೋಣೆಯಲ್ಲಿ ಭಾರಿ ಲೇತ್ ಹೂಡಿದ. ಕಚೇರಿಯ ವಿರಾಮದಲ್ಲೂ ವಿಲಿಯಂ ಬಟ್ಟೆ ಬದಲಿಸದೆ ಕೆಲಸಕ್ಕೆ ಓಡುತ್ತಿದ್ದ. ಅಂಗಿಯ ಕಸೂತಿಗೆ ಕರಗಿದ ರಾಳ ಸಿಡಿಯುತ್ತಿತ್ತು. ಒಗೆಯುವ ಚಿಂತೆ ಯಾರದೆಂದು ಬೇರೆ ಹೇಳಬೇಕಿಲ್ಲ.

ಆಗಿನ ದೂರದರ್ಶಕದ ಕನ್ನಡಿ ಗಾಜಿನದಲ್ಲ. ತಾಮ್ರ, ತವರ ಬೆರೆಸಿ ಎರಕ ಹೊಯ್ದ ಬಿಲ್ಲೆ. ಅದನ್ನು ತಗ್ಗಾಗಿ ಉಜ್ಜಿ ಹೊಳಪು ಕೊಡಬೇಕು. ನಡುವೆ ಕೈ ತೆಗೆದರೆ ಮೇಲ್ಮೈ ಕೆಡುವ ಭಯ. ಒಮ್ಮೆ ವಿಲಿಯಂ ಸತತ 16 ಗಂಟೆ ಕೈಯೆತ್ತದೆ ಉಜ್ಜಿದ. ತಂಗಿ ತುತ್ತು ಮಾಡಿ ಬಾಯಿಗಿಟ್ಟಳು. ಇಂಥ ದೀರ್ಘ ಕೆಲಸದ ವೇಳೆ ಬೇಸರ ಕಳೆಯಲು ಆಕೆ 'ಅರೇಬಿಯನ್ ನೈಟ್ಸ್' ಓದಿ ಹೇಳುತ್ತಿದ್ದುದುಂಟು.

1781ರ ಮಾರ್ಚ್ 13ರ ರಾತ್ರಿ ಏಳು ಅಡಿಯ ದೂರದರ್ಶಕದಲ್ಲಿ ನಕ್ಷತ್ರದಂತೆ ಚುಕ್ಕೆಯಾಗಿರದ, ತುಸು ಅಗಲವಾದ ಕಾಯವೊಂದು ಕಂಡಿತು. ಧೂಮಕೇತು ಇರಬೇಕೆಂದು ವಿಲಿಯಂ ಬಗೆದ. ಬೇರೆ ವಿದ್ವಾಂಸರು ಕಕ್ಷೆ ಲೆಕ್ಕ ಹಾಕಿದಾಗ ಅದು ಶನಿಯಾಚೆಯ ಹೊಸ ಗ್ರಹವೆಂದು ತಿಳಿಯಿತು.

ಅದೇ ಆಗಸ್ಟ್‌ನಲ್ಲಿ ಮೂರು ಅಡಿ ಅಗಲದ ಕನ್ನಡಿಯ ಸಾಹಸ ನಡೆಯಿತು. ಅಚ್ಚಿಗೆ ಬೇಕಾದದ್ದು ಕುದುರೆಯ ಲದ್ದಿ. ರಾಶಿಗಟ್ಟಲೆ ಲದ್ದಿಯನ್ನು ಒರಳಲ್ಲಿ ಕುಟ್ಟಿ ಜರಡಿ ಹಿಡಿಯುವ ಕೆಲಸದಲ್ಲೂ ಕ್ಯಾರೊಲಿನ್ ಪಾಲಿತ್ತು. ಮೊದಲ ಎರಕ ಆರುವಾಗ ಬಿರುಕು ಬಿಟ್ಟಿತು. ಎರಡನೆಯ ಸಲ ಕುಲುಮೆಯೇ ಸೋರಿ ಕಾದ ಲೋಹ ನೆಲದ ಮೇಲೆ ಹರಿಯಿತು. ಹಾಸುಗಲ್ಲಿನ ಸಂದಿಯ ತೇವ ಒಮ್ಮೆಲೇ ಆವಿಯಾದರೆ ಏನಾದೀತು? ಕಲ್ಲು ಸಿಡಿದು ಸೂರಿನತ್ತ ಹಾರಿತು. ಎಲ್ಲರೂ ಬಾಗಿಲ ಕಡೆ ಓಡಿದರು. ಮನೆ 1981ರಿಂದ ವಸ್ತುಸಂಗ್ರಹಾಲಯವಾಗಿದೆ. ಅಡುಗೆಮನೆಗೆ ಹೊಂದಿಕೊಂಡ ಆ ಕಾರ್ಯಾಗಾರದಲ್ಲಿ ಒಡೆದ ಹಾಸುಗಲ್ಲುಗಳನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ.

ಗ್ರಹದಿಂದಾಗಿ ವಿಲಿಯಂಗೆ 1782ರಲ್ಲಿ ರಾಜ ಮೂರನೆಯ ಜಾರ್ಜ್ ವರ್ಷಕ್ಕೆ 200 ಪೌಂಡ್ ಗೊತ್ತುಮಾಡಿದ. ಸಂಸಾರ ಅರಮನೆಯ ಸಮೀಪಕ್ಕೆ ಹೊರಟಿತು. ಸಂಗೀತ ವೃತ್ತಿ ನಿಂತಿತು. ಅಣ್ಣನಿಗೆ ಅದು ಬಿಡುಗಡೆ. ಅದರೊಂದಿಗೆ ತಂಗಿಯ ವೇದಿಕೆಯೂ ಹೋಯಿತು. ಬಹಳ ಕಷ್ಟಪಟ್ಟು ಕಲಿತ ಹಾಡು ಅದು. ಹೊಸ ಊರಿನಲ್ಲಿ ಚಳಿಯ ರಾತ್ರಿಗಳಲ್ಲಿ ಅಣ್ಣ ಕೂಗಿ ಹೇಳಿದ್ದನ್ನು ಬರೆದುಕೊಳ್ಳುವುದೇ ಕೆಲಸವಾಯಿತು. ಆದರೂ ಬಿಡುವಿನಲ್ಲಿ ಚಿಕ್ಕ ದೂರದರ್ಶಕ ಹಿಡಿದು 1786ರಿಂದ 1797ರೊಳಗೆ ಎಂಟು ಧೂಮಕೇತುಗಳನ್ನು ಕಂಡಳು. 1787ರಲ್ಲಿ ಅಣ್ಣನ ಸಹಾಯಕಿಯಾಗಿ ರಾಜನಿಂದ ವರ್ಷಕ್ಕೆ 50 ಪೌಂಡ್ ಸಂಬಳ ನಿಗದಿಯಾಯಿತು. ತನಗಿಷ್ಟ ಬಂದಂತೆ ಖರ್ಚು ಮಾಡಬಹುದೆಂದು ಆಕೆಗೆ ಅನಿಸಿದ ಮೊದಲ ಹಣ ಅದು. ಆಗ ಆಕೆಗೆ 37 ವರ್ಷ.